ಎಲ್‌ಎಲ್‌ಆರ್‌ನಿಂದ ಕ್ಲೇಮಿನವರೆಗೆ: ಹೊಸ ಬೈಕ್ ಸವಾರರ ಪ್ರಶ್ನೆಗಳಿಗೆ ಉತ್ತರ

ಲೈಸೆನ್ಸು ಆರ್‌ಟಿಒಗೆ, ಕಲಿಕೆ ಮೈದಾನಕ್ಕೆ, ಇನ್ಶೂರೆನ್ಸು ಶೋರೂಮಿಗೆ ಸೇರಿದ್ದು ಎಂದು ಮೂರನ್ನೂ ಬೇರೆಬೇರೆ ಮಾಡಿ ನೋಡುವ ಅಭ್ಯಾಸ ನಮ್ಮಲ್ಲಿದೆ. ಈ ಸಲ ಬಂದ ಪ್ರಶ್ನೆಗಳಲ್ಲೂ ಅದು ಕಾಣುತ್ತದೆ. ಆದರೆ ಅವು ಒಂದಕ್ಕೊಂದು ಬೆಸೆದುಕೊಂಡಿವೆ. ಲೈಸೆನ್ಸಿನ ಹಂತದಲ್ಲಿ ಮಾಡಿದ ಸಣ್ಣ ಉಪೇಕ್ಷೆ ಎಷ್ಟೋ ತಿಂಗಳ ನಂತರ ಕ್ಲೇಮ್ ಫಾರಂ ತುಂಬುವಾಗ ಎದುರಾಗುತ್ತದೆ. ಅದಕ್ಕೇ ಮೊದಲ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಆನ್‌ಲೈನ್ ಪರೀಕ್ಷೆ ಬರೆದು ಎಲ್‌ಎಲ್‌ಆರ್ ಪಡೆದಿದ್ದೇನೆ. ಈಗ ಬೈಕಿನಲ್ಲಿ ಒಬ್ಬನೇ ಕೆಲಸಕ್ಕೆ ಹೋಗಬಹುದೇ? ಗಾಡಿಗೆ ಇನ್ಶೂರೆನ್ಸ್ ಇದೆ.

ಉತ್ತರ: ಹೋಗುವಂತಿಲ್ಲ. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಎಂದರೆ ಕಲಿಯಲು ಕೊಟ್ಟ ಅನುಮತಿ, ಅಷ್ಟೇ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 3ನೇ ನಿಯಮ ಇದಕ್ಕೆ ಷರತ್ತುಗಳನ್ನು ಹಾಕುತ್ತದೆ. ಆ ವರ್ಗದ ಗಾಡಿಗೆ ಚಾಲ್ತಿಯಲ್ಲಿರುವ ಡಿಎಲ್ (ಪೂರ್ಣ ಚಾಲನಾ ಲೈಸೆನ್ಸ್) ಹೊಂದಿದವರು, ಗಾಡಿಯನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ನಿಮ್ಮ ಜೊತೆ ಕೂತಿರಬೇಕು. ಬೈಕಿನಲ್ಲಿ ಅದು ಹಿಂದಿನ ಸೀಟೇ. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ತಂಗಿಯನ್ನು ಕಾಲೇಜಿಗೆ ಬಿಟ್ಟುಬರುವುದೂ ಇದರಲ್ಲೇ ಬಂತು. ಗಾಡಿಯ ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ ಇರಬೇಕು. ಫಲಕ 18 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದಾಗಬಾರದು, ಅಕ್ಷರದ ಎತ್ತರ 10 ಸೆಂಟಿಮೀಟರಿಗೆ ಕಡಿಮೆ ಇರಬಾರದು. ನಂಬರ್ ಪ್ಲೇಟಿನ ಮೂಲೆಯಲ್ಲಿ ಕೆಂಪು ಟೇಪಿನ ಎರಡು ತುಂಡು ಅಂಟಿಸಿದರೆ ನಿಯಮ ಪಾಲಿಸಿದಂತಾಗುವುದಿಲ್ಲ.

ಇಷ್ಟನ್ನೆಲ್ಲ ಯಾರು ನೋಡುತ್ತಾರೆ ಎಂದು ಕೇಳುವವರಿದ್ದಾರೆ. ಪೊಲೀಸರು ನೋಡದೆ ಇರಬಹುದು, ವಿಮಾ ಕಂಪನಿ ನೋಡುತ್ತದೆ. ನಿಮ್ಮ ಪಾಲಿಸಿಯ ಹಾಳೆಗಳಲ್ಲಿ ‘ಡ್ರೈವರ್ಸ್ ಕ್ಲಾಸ್’ (Driver's Clause) ಎಂಬ ಸಣ್ಣ ಅಕ್ಷರದ ಭಾಗ ಹುಡುಕಿ ಓದಿ. ಕಲಿಕಾ ಲೈಸೆನ್ಸ್ ಹೊಂದಿದವರು ಗಾಡಿ ಓಡಿಸಬಹುದು, ಆದರೆ 1989ರ ನಿಯಮಗಳ 3ನೇ ನಿಯಮವನ್ನು ಪಾಲಿಸುತ್ತಿರಬೇಕು ಎಂದು ಅಲ್ಲಿ ನೇರವಾಗಿ ಬರೆದಿರುತ್ತದೆ. ಹಿಂದೆ ಡಿಎಲ್ ಇದ್ದವರು ಯಾರೂ ಇಲ್ಲದೆ ಒಬ್ಬರೇ ಹೋಗಿ ಬಿದ್ದರೆ, ಪಾಲಿಸಿಯ ಷರತ್ತನ್ನು ನೀವೇ ಮುರಿದಂತೆ. ಗಾಡಿ ರಿಪೇರಿಯ ಕ್ಲೇಮನ್ನು ತಳ್ಳಿಹಾಕಲು ಕಂಪನಿಗೆ ಅಷ್ಟು ಸಾಕು.

ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಅದು ಸಿಕ್ಕ ದಿನದಿಂದ 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಆರು ತಿಂಗಳಿದೆಯಲ್ಲ ಎಂದು ಕೊನೆಯ ವಾರದವರೆಗೆ ಕಾಯಬೇಡಿ. ಸ್ಲಾಟ್ ಸಿಗದೆ ಅವಧಿ ಮುಗಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. 35ರಿಂದ 60 ದಿನಗಳ ನಡುವೆ ಪರೀಕ್ಷೆ ಇಟ್ಟುಕೊಳ್ಳಿ. ಒಮ್ಮೆ ಫೇಲಾದರೂ ಆಗ ಸಮಯ ಉಳಿದಿರುತ್ತದೆ.

ಕೇಂದ್ರ ನಿಯಮಗಳ ಪ್ರಕಾರ ಎಲ್‌ಎಲ್‌ಆರ್‌ಗೆ ಒಂದು ವರ್ಗಕ್ಕೆ 150 ರೂಪಾಯಿ, ಅದರ ಪರೀಕ್ಷೆಗೆ 50, ಡಿಎಲ್ ಪರೀಕ್ಷೆಗೆ 300, ಡಿಎಲ್ ನೀಡಿಕೆಗೆ 200. ಸೇವಾ ಶುಲ್ಕ ಇದರ ಮೇಲೆ ಸೇರುತ್ತದೆ. ಏಜೆಂಟ್ ಹೇಳುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ಮಗನಿಗೆ 16 ತುಂಬಿದೆ. ಗೇರ್ ಇಲ್ಲದ ಸ್ಕೂಟರಿಗೆ ಲೈಸೆನ್ಸ್ ಕೊಡುತ್ತಾರಂತೆ. ಮನೆಯಲ್ಲಿರುವ 110 ಸಿಸಿ ಸ್ಕೂಟರ್ ಕೊಡಬಹುದೇ?

ಉತ್ತರ: ಕೊಡಬೇಡಿ. ನೀವು ಕೇಳಿದ ಮಾತಿನಲ್ಲಿ ಅರ್ಧ ಮಾತ್ರ ನಿಜ. ಮೋಟಾರು ವಾಹನ ಕಾಯ್ದೆ, 1988ರ 4ನೇ ಸೆಕ್ಷನ್ 16 ತುಂಬಿದವರಿಗೆ ಅವಕಾಶ ಕೊಟ್ಟಿರುವುದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ತಂದೆ-ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆಯ ಮೇಲೆ. ಇವತ್ತು ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರುಗಳಲ್ಲಿ ಹೆಚ್ಚಿನವು 100 ಸಿಸಿ ಅಥವಾ ಅದಕ್ಕೂ ಮೇಲಿನವು. ‘ಗೇರ್ ಇಲ್ಲ’ ಎಂಬುದು ಕಣ್ಣಿಗೆ ಬೀಳುತ್ತದೆ, ‘50 ಸಿಸಿ’ ಎಂಬುದು ಮರೆತುಹೋಗುತ್ತದೆ.

2019ರ ತಿದ್ದುಪಡಿಯಲ್ಲಿ ಸೇರಿದ 199ಎ ಸೆಕ್ಷನ್ ಓದಿದರೆ ಯಾರೂ ಕೀ ಕೊಡಲಾರರು. ವಯಸ್ಸಾಗದ ಹುಡುಗ ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರೋ ಗಾಡಿಯ ಮಾಲೀಕರೋ ತಪ್ಪಿತಸ್ಥರಾಗುತ್ತಾರೆ. ಶಿಕ್ಷೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಎರಡು ವರ್ಷ ಕಾಯಲಾಗದೆ ಒಂಬತ್ತು ವರ್ಷ ಕಾಯುವ ಸ್ಥಿತಿ ತಂದುಕೊಳ್ಳುವುದು ಬೇಡ.

ಗಂಟೆಗೆ 25 ಕಿ.ಮೀ. ವೇಗ ಮೀರದ, 250 ವಾಟ್‌ಗಿಂತ ಕಡಿಮೆ ಶಕ್ತಿಯ ಬ್ಯಾಟರಿ ಗಾಡಿಗಳಿಗೆ ನಿಯಮಗಳು ವಿನಾಯಿತಿ ಕೊಟ್ಟಿವೆ, ಅವನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅಂಥದ್ದನ್ನು ಕೊಳ್ಳುವಾಗ ಅಂಗಡಿಯವರ ಬಾಯಿಮಾತು ಸಾಲದು, ವಿನಾಯಿತಿಗೆ ಒಳಪಟ್ಟ ಮಾದರಿ ಎಂಬ ದಾಖಲೆ ಕೇಳಿ ಪಡೆಯಿರಿ. ವೇಗದ ಮಿತಿ ತೆಗೆಸಿದ ಕ್ಷಣ ಆ ವಿನಾಯಿತಿಯೂ ಹೋಗುತ್ತದೆ. ಕಾನೂನು ಕೇಳದಿದ್ದರೂ ಹೆಲ್ಮೆಟ್ ಹಾಕಿಸಿ.

ಪ್ರಶ್ನೆ: ಕಾರಿನ ಲೈಸೆನ್ಸ್ ಇದೆ, ಸ್ಕೂಟರಿನದೂ ಇದೆ. ಗೇರ್ ಬೈಕ್ ಓಡಿಸಲು ಅದು ಸಾಲದೇ?

ಉತ್ತರ: ಸಾಲದು. ನಿಮ್ಮ ಕಾರ್ಡಿನಲ್ಲಿ ‘ಎಂಸಿಡಬ್ಲ್ಯೂಒಜಿ’ ಎಂದಿದ್ದರೆ ಅದು ಗೇರ್ ಇಲ್ಲದ ಗಾಡಿಗೆ ಮಾತ್ರ. ಗೇರ್ ಬೈಕಿಗೆ ‘ಎಂಸಿಡಬ್ಲ್ಯೂಜಿ’ ಇರಬೇಕು. ಲೈಸೆನ್ಸಿನ ಸರ್ಕಾರಿ ಆನ್‌ಲೈನ್ ತಾಣವಾದ ಸಾರಥಿ ಪೋರ್ಟಲಿನಲ್ಲಿ ಹೊಸ ವರ್ಗ ಸೇರಿಸುವ ಅರ್ಜಿ ಹಾಕಿ, ಆ ವರ್ಗಕ್ಕೆ ಎಲ್‌ಎಲ್‌ಆರ್ ಪಡೆದು, 30 ದಿನ ಬಿಟ್ಟು ಪರೀಕ್ಷೆ ಕೊಡಬೇಕು. ಹೊಸದಾಗಿ ಲೈಸೆನ್ಸ್ ಮಾಡಿಸುವವರು ಮೊದಲೇ ಗೇರ್ ವರ್ಗಕ್ಕೆ ಅರ್ಜಿ ಹಾಕುವುದು ಜಾಣತನ, ಸ್ಕೂಟರೂ ಅದರಲ್ಲೇ ಓಡಿಸಬಹುದು.

ಪ್ರಶ್ನೆ: ಡಿಎಲ್ ಪರೀಕ್ಷೆಯ ಎಂಟು (8ರ ಆಕಾರದ ಸುತ್ತು) ಹಾಕುವಾಗ ಪ್ರತಿ ಸಲ ಒಂದೇ ಜಾಗದಲ್ಲಿ ಕಾಲು ನೆಲಕ್ಕೆ ತಾಗುತ್ತದೆ. ಒಮ್ಮೆ ಫೇಲಾಗಿದ್ದೇನೆ. ಏನು ಮಾಡಲಿ?

ಉತ್ತರ: ‘ಒಂದೇ ಜಾಗ’ ಎಂದಿರಿ. ಅದು ಬಹುಮಟ್ಟಿಗೆ ಒಂದು ಸುತ್ತು ಮುಗಿದು ಇನ್ನೊಂದಕ್ಕೆ ಹೊರಳುವ ನಡುಭಾಗ, ಇಲ್ಲವೇ ಹೊರಳಿದ ಮೇಲೆ ಹ್ಯಾಂಡಲ್ ಪೂರ್ತಿ ತಿರುಗುವ ಜಾಗ. ಗಾಡಿ ಒಳಗೆ ವಾಲುತ್ತಿದೆ ಅನ್ನಿಸಿದ ಕೂಡಲೇ ಭಯಕ್ಕೆ ಕೈ ತಾನಾಗಿಯೇ ಆಕ್ಸಿಲರೇಟರ್ ಬಿಡುತ್ತದೆ. ವಾಲಿದ ಗಾಡಿಯನ್ನು ಎತ್ತಿ ಹಿಡಿದಿದ್ದು ಎಂಜಿನ್ನಿನ ಎಳೆತವೇ. ಅದು ನಿಂತೊಡನೆ ಗಾಡಿ ಒಳಗೆ ಬೀಳುತ್ತದೆ, ಕಾಲು ಇಳಿಯುತ್ತದೆ. ಹಾಗಾಗಿ ಇದು ಕಾಲಿನ ತಪ್ಪಲ್ಲ, ಬಲಗೈಯ ತಪ್ಪು.

ಅಭ್ಯಾಸ ಹೀಗಿರಲಿ. ಖಾಲಿ ಮೈದಾನದಲ್ಲಿ 10 ಮೀಟರ್ ಅಂತರಕ್ಕೆ ಎರಡು ಖಾಲಿ ಡಬ್ಬ ಇಡಿ. ಕಲ್ಲು, ಇಟ್ಟಿಗೆ ಬೇಡ, ಚಕ್ರ ಹತ್ತಿದರೆ ಬೀಳುತ್ತೀರಿ. ಮೊದಲ ಗೇರ್ ಹಾಕಿ, ಆಕ್ಸಿಲರೇಟರನ್ನು ಐಡ್ಲಿಂಗಿಗಿಂತ (ಅದನ್ನು ಮುಟ್ಟದಿದ್ದಾಗ ಎಂಜಿನ್ ತಾನಾಗಿ ಓಡುವ ಮಟ್ಟ) ಒಂದು ಚೂರು ಮೇಲೆ ಏರಿಸಿ, ಅಲ್ಲೇ ಸ್ಥಿರವಾಗಿ ಹಿಡಿಯಿರಿ. ಇನ್ನು ಆ ಕೈ ಕದಲಬಾರದು. ವೇಗ ಹೆಚ್ಚು-ಕಡಿಮೆ ಮಾಡುವುದು ಎಡಗೈಯ ಹಾಫ್ ಕ್ಲಚ್ (ಲಿವರನ್ನು ಅರ್ಧ ಮಾತ್ರ ಹಿಡಿದಿರುವುದು) ಮತ್ತು ಬಲಗಾಲಿನ ಹಿಂದಿನ ಬ್ರೇಕಿನ ಕೆಲಸ. ಹಿಂದಿನ ಬ್ರೇಕನ್ನು ಸುತ್ತು ಪೂರ್ತಿ ಸವರಿದ ಹಾಗೆ ಒತ್ತಿಕೊಂಡೇ ಇರಿ. ಎಂಜಿನ್ ಎಳೆಯುತ್ತಿರುತ್ತದೆ, ಬ್ರೇಕ್ ತಡೆಯುತ್ತಿರುತ್ತದೆ, ಈ ಜಗ್ಗಾಟದಲ್ಲಿ ಗಾಡಿ ನಿಧಾನವಾಗಿದ್ದರೂ ನೆಟ್ಟಗೆ ನಿಲ್ಲುತ್ತದೆ. ಮುಂದಿನ ಬ್ರೇಕಿನ ಮೇಲೆ ಬೆರಳು ಇಡಲೇಬೇಡಿ. ಹ್ಯಾಂಡಲ್ ತಿರುಗಿರುವಾಗ ಅದನ್ನು ಮುಟ್ಟಿದರೆ ಗಾಡಿ ಅಲ್ಲೇ ಮಗುಚುತ್ತದೆ.

ಇನ್ನು ಕಣ್ಣು. ಮುಂದಿನ ಚಕ್ರವನ್ನೋ ನೆಲದ ಗೆರೆಯನ್ನೋ ನೋಡುತ್ತಿದ್ದರೆ ಗಾಡಿ ಅಲ್ಲಿಗೇ ಬೀಳುತ್ತದೆ. ಒಂದು ಡಬ್ಬದ ಪಕ್ಕಕ್ಕೆ ಬರುವ ಮೊದಲೇ ಕತ್ತು ತಿರುಗಿಸಿ ಇನ್ನೊಂದು ಡಬ್ಬದ ಹೊರಬದಿಯನ್ನು ನೋಡಿ. ಗಾಡಿ ಒಳಗೆ ವಾಲಲಿ, ನಿಮ್ಮ ಮೈ ನೆಟ್ಟಗಿರಲಿ, ಅಂದರೆ ಸುತ್ತಿನ ಹೊರಭಾಗಕ್ಕೆ ತುಸು ಭಾರ ಬರಲಿ. ಮೊಣಕಾಲು ಟ್ಯಾಂಕಿಗೆ ಒತ್ತಿರಲಿ, ಮೊಣಕೈ ಸಡಿಲವಾಗಿರಲಿ. 10 ಮೀಟರಿನಲ್ಲಿ ಇಪ್ಪತ್ತು ಸುತ್ತು ಕಾಲಿಡದೆ ಬಂದ ಮೇಲೆ ಡಬ್ಬಗಳನ್ನು 8 ಮೀಟರಿಗೆ, ಆಮೇಲೆ 6 ಮೀಟರಿಗೆ ತನ್ನಿ. ದಿನಕ್ಕೆ ಅರ್ಧ ಗಂಟೆ ಸಾಕು. ಎಡಗೈ ಸೋತ ಮೇಲೆ ಮಾಡುವ ಅಭ್ಯಾಸ ತಪ್ಪನ್ನೇ ಕಲಿಸುತ್ತದೆ.

ಸ್ಕೂಟರಿನಲ್ಲಿ ಲೆಕ್ಕ ಬೇರೆ. ಅಲ್ಲಿ ಕ್ಲಚ್ ತಾನಾಗಿಯೇ ಹಿಡಿಯುತ್ತದೆ, ಬಿಡುತ್ತದೆ. ಆಕ್ಸಿಲರೇಟರ್ ತೀರ ಇಳಿಸಿದರೆ ಕ್ಲಚ್ ಬಿಟ್ಟುಹೋಗಿ ಗಾಡಿ ತೇಲಿದಂತಾಗುತ್ತದೆ, ಮತ್ತೆ ಏರಿಸಿದಾಗ ಜಗ್ಗಿ ಮುನ್ನುಗ್ಗುತ್ತದೆ. ಆಕ್ಸಿಲರೇಟರನ್ನು ಸ್ವಲ್ಪ ಹಿಡಿದೇ ಇದ್ದು, ಎಡಗೈ ಬ್ರೇಕಿನಿಂದ ತಡೆಯುತ್ತಾ ಹೋಗಿ. ಈಗಿನ ಸ್ಕೂಟರುಗಳಲ್ಲಿ ಸಿಬಿಎಸ್ (ಎರಡೂ ಚಕ್ರದ ಬ್ರೇಕನ್ನು ಜೊತೆಗೆ ಹಿಡಿಸುವ ವ್ಯವಸ್ಥೆ) ಇರುವುದರಿಂದ ಎಡಗೈ ಬ್ರೇಕು ಮುಂದಿನ ಚಕ್ರವನ್ನೂ ಸ್ವಲ್ಪ ಹಿಡಿಯುತ್ತದೆ, ಒತ್ತುವುದು ಹಗುರವಾಗಿರಲಿ.

ಗಾಡಿಯನ್ನೂ ನೋಡಿಕೊಳ್ಳಿ. ಐಡ್ಲಿಂಗ್ ತೀರ ಕಡಿಮೆ ಇದ್ದರೆ ಸುತ್ತಿನ ನಡುವೆ ಎಂಜಿನ್ ಆರಿಹೋಗುತ್ತದೆ. ಚೈನ್ ಜೋತುಬಿದ್ದಿದ್ದರೆ ನಿಧಾನದಲ್ಲಿ ಜರ್ಕ್ ಹೊಡೆಯುತ್ತದೆ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟ (ಕ್ಲಚ್ ಕೆಲಸ ಶುರುಮಾಡುವ ಮೊದಲಿನ ಸಡಿಲ) ಇರಬೇಕು, ಅದಕ್ಕಿಂತ ಹೆಚ್ಚಿದ್ದರೆ ಹಾಫ್ ಕ್ಲಚ್ ಎಲ್ಲಿ ಸಿಗುತ್ತದೆ ಎಂಬ ಅಂದಾಜೇ ಸಿಗುವುದಿಲ್ಲ. ಪರೀಕ್ಷೆಗೆ ಬೇರೆಯವರ ಗಾಡಿ ತೆಗೆದುಕೊಂಡು ಹೋಗುವುದಾದರೆ ಹಿಂದಿನ ದಿನ ಅದರಲ್ಲೇ ಒಂದು ಗಂಟೆ ಅಭ್ಯಾಸ ಮಾಡಿ. ಆರ್‌ಸಿ (ಗಾಡಿಯ ನೋಂದಣಿ ಪತ್ರ), ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಮೂರೂ ಚಾಲ್ತಿಯಲ್ಲಿವೆಯೇ ನೋಡಿಕೊಳ್ಳಿ. ಇವುಗಳಲ್ಲಿ ಒಂದರ ತಾರೀಖು ಮುಗಿದಿದ್ದರೂ ಪರೀಕ್ಷೆ ನಡೆಸುವ ಬ್ರೇಕ್ ಇನ್‌ಸ್ಪೆಕ್ಟರ್ ವಾಪಸು ಕಳಿಸಬಹುದು.

ಫೇಲಾದವರು 7 ದಿನ ಕಳೆದ ಮೇಲೆ ಮತ್ತೆ ಪರೀಕ್ಷೆಗೆ ಹೋಗಬಹುದು. ಮೂರು ಸಲವೂ ಆಗದಿದ್ದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು.

ಪ್ರಶ್ನೆ: ಬೈಕ್ ಕಲಿಯಲು ಡ್ರೈವಿಂಗ್ ಸ್ಕೂಲಿಗೆ ಸೇರಲೇಬೇಕೇ? ನಮ್ಮಣ್ಣನೇ ಕಲಿಸುತ್ತೇನೆ ಎನ್ನುತ್ತಾನೆ.

ಉತ್ತರ: ಸ್ವಂತ ಬಳಕೆಯ ದ್ವಿಚಕ್ರ ವಾಹನದ ಡಿಎಲ್‌ಗೆ ಸ್ಕೂಲಿನ ಸರ್ಟಿಫಿಕೇಟ್ ಕಡ್ಡಾಯವಲ್ಲ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ಮಾನ್ಯತೆ ಪಡೆದ ಚಾಲಕರ ತರಬೇತಿ ಕೇಂದ್ರದಲ್ಲಿ ಕಲಿತು ಪಾಸಾದವರಿಗೆ ಆರ್‌ಟಿಒ ಪರೀಕ್ಷೆಯಿಂದ ವಿನಾಯಿತಿ ಇದೆ. ಬೀದಿಬೀದಿಯಲ್ಲಿ ಬೋರ್ಡ್ ಹಾಕಿಕೊಂಡಿರುವ ಎಲ್ಲ ಸ್ಕೂಲುಗಳೂ ಆ ಮಾನ್ಯತೆ ಪಡೆದವಲ್ಲ, ಕೇಳಿ ತಿಳಿದುಕೊಳ್ಳಿ.

ಅಣ್ಣ ಕಲಿಸಲಿ, ಆದರೆ ಒಂದು ಕ್ರಮವಿರಲಿ. ಮನೆಯವರು ಕಲಿಸುವಾಗ ಆಗುವ ದೊಡ್ಡ ತಪ್ಪೆಂದರೆ ಗಾಡಿ ಎತ್ತುವುದು ಬಂದ ಕೂಡಲೇ ರಸ್ತೆಗೆ ಕರೆದೊಯ್ಯುವುದು. ಓಡಿಸುವುದು ಎರಡು ದಿನಕ್ಕೆ ಬರುತ್ತದೆ. ನಿಲ್ಲಿಸುವುದಕ್ಕೆ ವಾರಗಳು ಬೇಕು. ಕಾನೂನು ಹೇಗೂ 30 ದಿನ ಕಾಯಿಸುತ್ತದೆ, ಆ ದಿನಗಳನ್ನು ಹಂಚಿಕೊಳ್ಳಿ. ಮೊದಲ ವಾರ ಮೈದಾನ ಬಿಟ್ಟು ಹೊರಬರಬೇಡಿ: ಎಂಜಿನ್ ಆರಿಸಿ ಗಾಡಿ ತಳ್ಳುವುದು, ಸ್ಟ್ಯಾಂಡ್ ಹಾಕುವುದು, ಹಾಫ್ ಕ್ಲಚ್‌ನಲ್ಲಿ ನಡಿಗೆಯ ವೇಗಕ್ಕೆ ಸಾಗುವುದು, ಹೇಳಿದ ಜಾಗದಲ್ಲಿ ನಿಲ್ಲುವುದು. ಎರಡನೆಯ ವಾರ ಬ್ರೇಕ್ ಮತ್ತು ಎಂಟು. ಮೂರನೆಯ ವಾರ ಬೆಳಗಿನ ಖಾಲಿ ರಸ್ತೆ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಹೆಗಲ ಮೇಲಿಂದ ಒಮ್ಮೆ ತಿರುಗಿ ನೋಡಿ ಪಥ ಬದಲಿಸುವುದು, ಏರಿನಲ್ಲಿ ಹಿಂದಿನ ಬ್ರೇಕ್ ಹಿಡಿದು ಗಾಡಿ ಎತ್ತುವುದು. ನಾಲ್ಕನೆಯ ವಾರ ವೃತ್ತಗಳು, ಸಿಗ್ನಲ್ಲು, ಸಂಜೆಯ ಟ್ರಾಫಿಕ್ಕು. ರಾತ್ರಿ ಮತ್ತು ಮಳೆ ಈ ತಿಂಗಳಲ್ಲಿ ಬೇಡ. ಹಿಂದೆ ಕೂತು ಕಲಿಸುವವರ ತೂಕ ಸೇರಿದರೆ ಗಾಡಿ ನಿಧಾನದಲ್ಲಿ ವಾಲುವ ರೀತಿ, ಬ್ರೇಕ್ ಹಿಡಿಯುವ ರೀತಿ ಎರಡೂ ಬದಲಾಗುತ್ತದೆ ಎಂಬುದೂ ಗೊತ್ತಿರಲಿ. ಸಾರ್ವಜನಿಕ ರಸ್ತೆಯಲ್ಲದ, ಜನ ಓಡಾಡದ ಬಯಲಿನಲ್ಲಿ ಮೊದಲ ಪಾಠ ಆಗಲಿ ಎನ್ನುವುದು ಅದಕ್ಕೇ.

ಪ್ರಶ್ನೆ: ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ, ಹಿಂದಿನದನ್ನೇ ಬಳಸು ಎಂದು ಎಲ್ಲರೂ ಹೇಳುತ್ತಾರೆ. ನಿಜವೇ?

ಉತ್ತರ: ಹೊಸಬರಿಗೆ ಹೇಳಿಕೊಡುವ ಮಾತುಗಳಲ್ಲಿ ಇಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಜರುಗುತ್ತದೆ. ಮುಂದಿನ ಚಕ್ರ ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರ ಗಾಡಿಯನ್ನು ನಿಲ್ಲಿಸಲಾರದು, ಲಾಕ್ ಆಗಿ ಜಾರುತ್ತದೆ. ಗಾಡಿ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು.

ಬೀಳಿಸುವುದು ಮುಂದಿನ ಬ್ರೇಕಲ್ಲ, ಅದನ್ನು ಗಬಕ್ಕನೆ ಹಿಡಿಯುವ ಕೈ. ಎರಡು ಬೆರಳಲ್ಲಿ ಲಿವರ್ ಹಿಡಿದು ಮೊದಲು ಆಟ ಮುಗಿಯುವಷ್ಟು ಎಳೆಯಿರಿ. ಮುಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವುದು ಕೈಗೆ ತಿಳಿಯುತ್ತದೆ. ಅದು ಕುಗ್ಗಿದ ಮೇಲೆ ಒತ್ತಡ ಏರಿಸಿ. ಹಸಿ ಬಟ್ಟೆ ಹಿಂಡಿದ ಹಾಗೆ ಸ್ವಲ್ಪಸ್ವಲ್ಪವಾಗಿ ಬಿಗಿಯಾಗಬೇಕು. ಹ್ಯಾಂಡಲ್ ನೇರವಾಗಿರಲಿ. ತಿರುವಿನಲ್ಲಿ, ಮರಳಿನ ಮೇಲೆ, ಒದ್ದೆ ಬಿಳಿಪಟ್ಟಿಯ ಮೇಲೆ ಒತ್ತಡ ಅರ್ಧಕ್ಕಿಂತ ಕಡಿಮೆ ಇರಲಿ. ಕ್ಲಚ್ಚನ್ನು ಬ್ರೇಕಿಗಿಂತ ಮೊದಲು ಹಿಡಿಯಬೇಡಿ, ಎಂಜಿನ್ನಿನ ತಡೆ ತಪ್ಪಿಹೋಗುತ್ತದೆ. ಗಾಡಿ ನಿಲ್ಲುವ ಮುಂಚೆ ಹಿಡಿದರೆ ಸಾಕು. 20 ಕಿ.ಮೀ. ವೇಗದಲ್ಲಿ ಹತ್ತು ಸಲ, 30ರಲ್ಲಿ ಹತ್ತು ಸಲ, ಆಮೇಲೆ 40ರಲ್ಲಿ ಮಾಡಿ, ಪ್ರತಿ ಸಲ ನಿಂತ ಜಾಗಕ್ಕೆ ಗುರುತು ಹಾಕಿ.

ಒಂದು ಲೆಕ್ಕ ನೋಡಿ. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು 1 ಸೆಕೆಂಡ್ ಎನ್ನೋಣ. ಒಣ ರಸ್ತೆಯಲ್ಲಿ ಎರಡೂ ಬ್ರೇಕ್ ಬಳಸಿ, ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 6 ಮೀಟರಿನಷ್ಟು ಇಳಿಸುತ್ತಾ ಹೋದಿರಿ ಎನ್ನೋಣ. 40 ಕಿ.ಮೀ. ವೇಗದಲ್ಲಿ ಗಾಡಿ ನಿಲ್ಲಲು ಒಟ್ಟು 21 ಮೀಟರ್ ಬೇಕು. 60ರಲ್ಲಿ 40 ಮೀಟರ್. ವೇಗ ಒಂದೂವರೆ ಪಟ್ಟು, ದೂರ ಹೆಚ್ಚುಕಡಿಮೆ ಎರಡು ಪಟ್ಟು. ಹಿಂದಿನ ಬ್ರೇಕನ್ನಷ್ಟೇ ನಂಬಿದರೆ ಇದಕ್ಕಿಂತ ಎಷ್ಟೋ ಮುಂದೆ ಹೋಗಿ ನಿಲ್ಲುತ್ತೀರಿ. ನಡುವೆ ಬಸ್ಸೋ ಹಸುವೋ ಇದ್ದರೆ ನಿಲ್ಲುವುದು ಅದರ ಮೇಲೆಯೇ.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗೆ ಎಬಿಎಸ್ ಕಡ್ಡಾಯವಾಯಿತು, ಅದರೊಳಗಿನವಕ್ಕೆ ಕನಿಷ್ಠ ಸಿಬಿಎಸ್ ಇರಬೇಕೆಂದಾಯಿತು. ಎಬಿಎಸ್ ಚಕ್ರ ಲಾಕ್ ಆಗುವುದನ್ನು ತಡೆಯುತ್ತದೆ. ಸವೆದ ಟೈರಿಗೆ ಅದು ಹಿಡಿತ ತಂದುಕೊಡಲಾರದು. ದ್ವಿಚಕ್ರ ವಾಹನದ ಟೈರಿನ ಗೀರು 0.8 ಮಿಲಿಮೀಟರಿಗಿಂತ ಕಡಿಮೆ ಆಳ ಇರಬಾರದೆಂದು ನಿಯಮವಿದೆ. ಮಳೆಗಾಲಕ್ಕೆ ಅಷ್ಟೂ ಸಾಲದು, ಅದಕ್ಕೆ ಮುಂಚೆಯೇ ಬದಲಿಸಿ.

ಪ್ರಶ್ನೆ: ಹೆಲ್ಮೆಟ್ ಆರಿಸುವುದು ಹೇಗೆ?

ಉತ್ತರ: ಐಎಸ್ 4151 ಮತ್ತು ಐಎಸ್‌ಐ ಗುರುತು ಇರಲೇಬೇಕು. 2021ರ ಜೂನ್ 1ರಿಂದ ಅದಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೇ ತಪ್ಪು. ಹಾಕಿಕೊಂಡಾಗ ಕೆನ್ನೆ ಸ್ವಲ್ಪ ಒತ್ತಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜೊತೆಗೆ ಚರ್ಮವೂ ಅಲ್ಲಾಡಬೇಕು. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆ ತಳ್ಳಿ ನೋಡಿ, ಕಳಚಿ ಬಂದರೆ ಅಳತೆ ತಪ್ಪು. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು ಮತ್ತೆ ಬಳಸಬೇಡಿ. ಒಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ, ಹೊರಗೆ ಬಿರುಕು ಕಾಣದಿದ್ದರೂ. 9 ತಿಂಗಳಿಂದ 4 ವರ್ಷದೊಳಗಿನ ಮಗುವಿಗೂ ಅದರ ಅಳತೆಯ ಹೆಲ್ಮೆಟ್ ಬೇಕು, ಸವಾರನಿಗೆ ಮಗುವನ್ನು ಬಿಗಿದಿಡುವ ಸುರಕ್ಷಾ ಪಟ್ಟಿ ಇರಬೇಕು, ವೇಗ 40 ದಾಟಬಾರದು.

ಪ್ರಶ್ನೆ: ಹೊಸ 125 ಸಿಸಿ ಬೈಕಿಗೆ ಶೋರೂಮಿನಲ್ಲಿ ‘ಐದು ವರ್ಷದ ಇನ್ಶೂರೆನ್ಸ್’ ಎಂದರು. ವರ್ಷ ಮುಗಿಯುವ ಹೊತ್ತಿಗೆ ರಿನ್ಯೂವಲ್ ಮೆಸೇಜ್ ಬರುತ್ತಿದೆ. ಇದು ಮೋಸವೇ?

ಉತ್ತರ: ಮೋಸವಲ್ಲ, ಹೇಳಿದ್ದು ಅರ್ಧ. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟ್ ಆದೇಶದಂತೆ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಅದು ಇರುವುದು. ನಿಮ್ಮ ಗಾಡಿಗೇ ಆದ ನಷ್ಟ, ಕಳ್ಳತನ, ಬೆಂಕಿ, ನೆರೆ ಇವಕ್ಕೆ ‘ಓನ್ ಡ್ಯಾಮೇಜ್’ ಎಂಬ ಇನ್ನೊಂದು ಭಾಗವಿದೆ. ಸಾಮಾನ್ಯವಾಗಿ ಅದನ್ನು 1 ವರ್ಷಕ್ಕೆ ಮಾತ್ರ ಕೊಟ್ಟಿರುತ್ತಾರೆ. ಪಾಲಿಸಿಯಲ್ಲಿ ಎರಡಕ್ಕೂ ಬೇರೆಬೇರೆ ಕೊನೆಯ ದಿನಾಂಕ ಇರುತ್ತದೆ, ಎರಡನ್ನೂ ಗುರುತು ಹಾಕಿಕೊಳ್ಳಿ. ಈಗ ನೀವು ಕೊಳ್ಳಬೇಕಾದ್ದು ಓನ್ ಡ್ಯಾಮೇಜ್ ಒಂದನ್ನೇ. ಥರ್ಡ್ ಪಾರ್ಟಿ ಸೇರಿಸಿ ಪೂರ್ತಿ ಪಾಲಿಸಿ ಮತ್ತೆ ಕೊಂಡರೆ ಒಂದೇ ವಿಮೆಗೆ ಎರಡು ಸಲ ದುಡ್ಡು ಕೊಟ್ಟಂತೆ.

2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಥರ್ಡ್ ಪಾರ್ಟಿ ವಾರ್ಷಿಕ ಕಂತು 75 ಸಿಸಿವರೆಗೆ 538 ರೂಪಾಯಿ, 75ರಿಂದ 150 ಸಿಸಿಗೆ 714, 150ರಿಂದ 350ಕ್ಕೆ 1,366, ಅದಕ್ಕೂ ಮೇಲೆ 2,804. ನಿಮ್ಮ ಗಾಡಿಗೆ ಐದು ವರ್ಷದ್ದು 3,851, ಜಿಎಸ್‌ಟಿ ಬೇರೆ. ಈ ದರ ಎಲ್ಲ ಕಂಪನಿಗೂ ಒಂದೇ. ಕಂಪನಿಯಿಂದ ಕಂಪನಿಗೆ ಬದಲಾಗುವುದು ಓನ್ ಡ್ಯಾಮೇಜ್ ಕಂತು ಮತ್ತು ಅದಕ್ಕೆ ಸೇರಿಸುವ ಹೆಚ್ಚುವರಿಗಳು.

ಹೊಸಬರು ‘ಜೀರೋ ಡೆಪ್’ (ಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಹೆಚ್ಚುವರಿ) ಸೇರಿಸಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಕಾರಣ ಇಲ್ಲಿದೆ. ಅದಿಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಬೆಲೆಯ ಅರ್ಧ ಮಾತ್ರ ಸಿಗುತ್ತದೆ. 14 ತಿಂಗಳ ಗಾಡಿ ಬಿದ್ದು ಪ್ಲಾಸ್ಟಿಕ್ ಭಾಗಕ್ಕೆ 4,000, ಲೋಹದ ಭಾಗಕ್ಕೆ 2,000, ಕೂಲಿಗೆ 1,000 ಬಿಲ್ ಆಯಿತೆನ್ನಿ. ಪ್ಲಾಸ್ಟಿಕ್ಕಿಗೆ 2,000, ಲೋಹಕ್ಕೆ ಶೇ 10 ಕಳೆದು 1,800, ಕೂಲಿ ಪೂರ್ತಿ. ಅದರಲ್ಲಿ ಕಡ್ಡಾಯ ಕಡಿತ 100 ಹೋದರೆ ಕೈಗೆ 4,700. ಉಳಿದ 2,300 ನಿಮ್ಮದು. ಹೊಸ ಸವಾರರ ಗಾಡಿ ನಿಂತಲ್ಲೇ ವಾಲಿ ಬೀಳುವುದೇ ಹೆಚ್ಚು, ಆಗ ಒಡೆಯುವುದೂ ಪ್ಲಾಸ್ಟಿಕ್ಕೇ. ಮೂರು ವರ್ಷ ದಾಟಿದ ಗಾಡಿಗೆ ಈ ಲೆಕ್ಕ ಮತ್ತೆ ಹಾಕಿ ನೋಡಿ, ಬೇಡವೆನಿಸಬಹುದು.

ಸಣ್ಣ ರಿಪೇರಿಗೆಲ್ಲ ಕ್ಲೇಮ್ ಮಾಡಬೇಡಿ. ಕ್ಲೇಮಿಲ್ಲದ ಮೊದಲ ವರ್ಷಕ್ಕೆ ಓನ್ ಡ್ಯಾಮೇಜ್ ಕಂತಿನಲ್ಲಿ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದನೆಯ ವರ್ಷಕ್ಕೆ ಶೇ 50. ಒಂದು ಕ್ಲೇಮ್ ಇದನ್ನು ಸೊನ್ನೆಗೆ ಇಳಿಸುತ್ತದೆ. ಪಾಲಿಸಿ ಮುಗಿದು 90 ದಿನ ಸುಮ್ಮನಿದ್ದರೂ ಹೋಗುತ್ತದೆ.

15 ಲಕ್ಷ ರೂಪಾಯಿಯ ‘ಮಾಲೀಕ-ಚಾಲಕ’ ವೈಯಕ್ತಿಕ ಅಪಘಾತ ವಿಮೆಯನ್ನು ಮರೆಯಬೇಡಿ. ಸಾವು ಅಥವಾ ಎರಡು ಅಂಗ ಕಳೆದುಕೊಂಡರೆ ಪೂರ್ತಿ ಮೊತ್ತ, ಒಂದು ಅಂಗಕ್ಕೆ ಅಥವಾ ಒಂದು ಕಣ್ಣಿಗೆ ಅರ್ಧ. ಬೇರೆ ಗಾಡಿಯ ಮೇಲೆ ಇದು ಆಗಲೇ ಇದ್ದರೆ ಇನ್ನೊಮ್ಮೆ ಕೊಳ್ಳಬೇಕಿಲ್ಲ, ಹಾಗೆಂದು ಬರೆದುಕೊಡಬೇಕು. ಓಡಿಸುವಾಗ ನಿಮ್ಮ ಬಳಿ ಚಾಲ್ತಿಯ ಲೈಸೆನ್ಸ್ ಇರಬೇಕೆಂಬುದು ಇದರ ಷರತ್ತು.

ಬರೀ ಥರ್ಡ್ ಪಾರ್ಟಿ ಪಾಲಿಸಿ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು: ಹಿಂಬದಿ ಸವಾರರಿಗೆ ಆದ ಗಾಯಕ್ಕೆ ಆ ಪಾಲಿಸಿಯಲ್ಲಿ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹೆಂಡತಿ, ಮಕ್ಕಳನ್ನು ದಿನವೂ ಹಿಂದೆ ಕೂರಿಸಿಕೊಳ್ಳುವವರು ಥರ್ಡ್ ಪಾರ್ಟಿಯೂ ಓನ್ ಡ್ಯಾಮೇಜೂ ಸೇರಿದ ಪ್ಯಾಕೇಜ್ ಪಾಲಿಸಿ ಮಾಡಿಸಿ.

ಪ್ರಶ್ನೆ: ಹಳೆಯ ಬೈಕ್ ಕೊಂಡೆ. ಇನ್ಶೂರೆನ್ಸ್ ಇನ್ನೂ 8 ತಿಂಗಳಿದೆ, ಹಳೆಯ ಮಾಲೀಕರ ಹೆಸರಿನಲ್ಲಿ. ಹಾಗೇ ಬಿಡಬಹುದೇ?

ಉತ್ತರ: ಬಿಡಬೇಡಿ. ಥರ್ಡ್ ಪಾರ್ಟಿ ಭಾಗ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಗಾಡಿಯ ಜೊತೆಗೇ ನಿಮಗೆ ಬರುತ್ತದೆ. ಓನ್ ಡ್ಯಾಮೇಜ್ ಬರುವುದಿಲ್ಲ. ಮಾರಾಟವಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಹಳೆಯ ಮಾಲೀಕರ ರಿಯಾಯಿತಿ ಅವರದು, ಗಾಡಿಯದಲ್ಲ. ಆ ವ್ಯತ್ಯಾಸದ ಹಣವನ್ನು ನೀವು ಕಟ್ಟಬೇಕಾಗುತ್ತದೆ. ಅವರ ವೈಯಕ್ತಿಕ ಅಪಘಾತ ವಿಮೆಯೂ ನಿಮಗೆ ಬಾರದು, ಹೊಸದು ಮಾಡಿಸಿ.

ಅದಕ್ಕೂ ಮೊದಲು ಆರ್‌ಸಿ. ನಮೂನೆ 29 ಮತ್ತು 30ನ್ನು ತುಂಬಿ, ಸಹಿ ಹಾಕಿ ಆರ್‌ಟಿಒಗೆ ಸಲ್ಲಿಸಿ, ಸಾಲವಿದ್ದ ಗಾಡಿಯಾದರೆ ನಮೂನೆ 35 ಕೂಡ. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ. ಮಾರುವವರಿಗೆ ಇದು ಇನ್ನೂ ಮುಖ್ಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಖಾಲಿ ಫಾರಂಗೆ ಸಹಿ ಹಾಕಿ ಕೀ ಕೊಟ್ಟು ಕಳಿಸುವ ಪದ್ಧತಿ ಬಿಟ್ಟುಬಿಡಿ.

ಪ್ರಶ್ನೆ: ಗೆಳೆಯ ನನ್ನ ಗಾಡಿ ತೆಗೆದುಕೊಂಡು ಹೋಗಿ ಒಬ್ಬರಿಗೆ ಗುದ್ದಿದ್ದಾನೆ. ಅವನಿಗೆ ಲೈಸೆನ್ಸ್ ಇಲ್ಲ ಎಂದು ಈಗ ಗೊತ್ತಾಯಿತು. ಮುಂದೇನು?

ಉತ್ತರ: ಮೊದಲು ಗಾಯಗೊಂಡವರ ಚಿಕಿತ್ಸೆ. ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸಬೇಕು, ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಬೇಕು: ಪಾಲಿಸಿ ನಂಬರ್, ದಿನ, ಹೊತ್ತು, ಜಾಗ, ಗಾಯಗೊಂಡವರ ಮತ್ತು ಓಡಿಸಿದವರ ವಿವರ. ಓಡಿಸಿದ್ದು ನಾನೇ ಎಂದು ಹೇಳಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಸಿಸಿಟಿವಿ, ಮೊಬೈಲ್ ದಾಖಲೆ, ಆಸ್ಪತ್ರೆಯ ನೋಂದಣಿ ಇರುವಾಗ ಅದು ನಿಲ್ಲುವುದಿಲ್ಲ. ಸುಳ್ಳು ಹೇಳಿದ ಇನ್ನೊಂದು ಕೇಸನ್ನು ತಲೆಯ ಮೇಲೆ ಹೊತ್ತುಕೊಂಡಂತಾಗುತ್ತದೆ.

ಗಾಯಗೊಂಡವರು ಅನಾಥರಾಗುವುದಿಲ್ಲ. ಇಂಥ ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸುವುದುಂಟು. ಮಾಲೀಕರೆಂದರೆ ನೀವು. ಲೈಸೆನ್ಸ್ ಇಲ್ಲದೆ ಓಡಿಸಿದ್ದು ಮಾತ್ರವಲ್ಲ, ಓಡಿಸಲು ನೀವು ಬೇಜವಾಬ್ದಾರಿಯಿಂದ ಬಿಟ್ಟಿರಿ ಎಂಬುದನ್ನು ಕಂಪನಿ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಹಾಗಾಗಿ ಕೀ ಕೊಡುವಾಗ ನೀವೇನು ಕೇಳಿದಿರಿ, ಏನು ನೋಡಿದಿರಿ ಎಂಬುದು ಮುಖ್ಯವಾಗುತ್ತದೆ. ಅದನ್ನೆಲ್ಲ ನೆನಪಿರುವಾಗಲೇ ಬರೆದಿಟ್ಟುಕೊಂಡು ವಕೀಲರನ್ನು ಕಾಣಿ. ಲೈಸೆನ್ಸಿಲ್ಲದವರಿಗೆ ಗಾಡಿ ಕೊಟ್ಟ ಮಾಲೀಕರಿಗೆ 180ನೇ ಸೆಕ್ಷನ್ ಪ್ರಕಾರ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಓಡಿಸಿದವರಿಗೆ 181ರಲ್ಲಿ ಅಷ್ಟೇ.

ಉಳಿದ ಓದುಗರು ಗಾಡಿ ಕೊಡುವ ಮೊದಲು ಡಿಜಿಲಾಕರಿನಲ್ಲೋ ಎಂಪರಿವಾಹನ್‌ನಲ್ಲೋ ಡಿಎಲ್ ತೋರಿಸಲು ಹೇಳಿ. ನೋಡಬೇಕಾದ್ದು ಎರಡೇ ಸಾಲು: ಗಾಡಿಯ ವರ್ಗ, ಅವಧಿ. ಅರ್ಧ ನಿಮಿಷವೂ ಹಿಡಿಯದು.

ಪ್ರಶ್ನೆ: ಗಾಡಿ ಜಾರಿ ಬಿದ್ದು ಹೆಡ್‌ಲೈಟ್, ಹ್ಯಾಂಡಲ್ ಹೋಗಿದೆ. ಬೇರೆಯವರಿಗೆ ಏನೂ ಆಗಿಲ್ಲ. ಕ್ಲೇಮ್ ಹೇಗೆ?

ಉತ್ತರ: ಗಾಡಿ ಎತ್ತಿ ಬದಿಗಿಡುವ ಮೊದಲು ಫೋಟೊ ತೆಗೆಯಿರಿ: ನಂಬರ್ ಪ್ಲೇಟ್ ಕಾಣುವಂತೆ ಒಂದು, ರಸ್ತೆಯ ಜೊತೆ ಒಂದು, ಮುರಿದ ಭಾಗಗಳು ಹತ್ತಿರದಿಂದ. ಟ್ರಾಫಿಕ್ ಜೋರಾಗಿದ್ದರೆ ಫೋಟೊ ಬಿಡಿ, ಜೀವ ನೋಡಿಕೊಳ್ಳಿ. ಅದೇ ದಿನ ಕಂಪನಿಗೆ ಫೋನ್ ಅಥವಾ ಆ್ಯಪ್ ಮೂಲಕ ತಿಳಿಸಿ ಕ್ಲೇಮ್ ನಂಬರ್ ಪಡೆಯಿರಿ. ನಗದುರಹಿತ ರಿಪೇರಿ ಬೇಕಾದರೆ ಅವರ ಪಟ್ಟಿಯ ಗ್ಯಾರೇಜಿಗೇ ಕೊಂಡೊಯ್ಯಬೇಕು. ಹಾನಿ ಅಂದಾಜು ಮಾಡಲು ಕಂಪನಿ ಕಳಿಸುವ ಸರ್ವೇಯರ್ ನೋಡುವವರೆಗೆ ಒಂದು ಸ್ಕ್ರೂ ಕೂಡ ಬಿಚ್ಚಿಸಬೇಡಿ. ಮೊದಲು ರಿಪೇರಿ ಮಾಡಿಸಿ ಆಮೇಲೆ ಬಿಲ್ ಹಿಡಿದು ಹೋದರೆ ಕ್ಲೇಮ್ ತಿರಸ್ಕಾರವಾಗಬಹುದು. ಡಿಎಲ್, ಆರ್‌ಸಿ, ಪಾಲಿಸಿ ಪ್ರತಿ, ತುಂಬಿದ ಕ್ಲೇಮ್ ಫಾರಂ ಕೊಡಿ. ಫಾರಂನಲ್ಲಿ ‘ಹೇಗಾಯಿತು’ ಎಂಬಲ್ಲಿ ಬರೆದದ್ದೂ ಮುರಿದ ಭಾಗಗಳೂ ತಾಳೆಯಾಗಬೇಕು. ಎಡಕ್ಕೆ ಬಿದ್ದೆ ಎಂದು ಬರೆದು ಬಲಗಡೆಯ ಕನ್ನಡಿಯನ್ನೂ ಪಟ್ಟಿಗೆ ಸೇರಿಸಿದರೆ ಸರ್ವೇಯರ್ ಅದನ್ನು ಹೊಡೆದುಹಾಕುತ್ತಾರೆ, ಉಳಿದದ್ದರ ಮೇಲೂ ಅನುಮಾನ ಬೀಳುತ್ತದೆ.

ರಿಪೇರಿ ಮುಗಿದು ಗಾಡಿ ಕೈಗೆ ಬಂದ ದಿನ ಗ್ಯಾರೇಜಿನ ಅಂಗಳದಲ್ಲೇ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಎಲ್ಲೂ ಸಿಕ್ಕಿಕೊಳ್ಳಬಾರದು. ತಿರುಗಿಸಿದಾಗ ಕ್ಲಚ್, ಆಕ್ಸಿಲರೇಟರ್ ಕೇಬಲ್ ಎಳೆದುಕೊಂಡು ಎಂಜಿನ್ನಿನ ಸದ್ದು ಏರಬಾರದು. ನಿಧಾನಕ್ಕೆ ನೇರ ಹೋಗುವಾಗ ಹ್ಯಾಂಡಲ್ ಒಂದು ಬದಿಗೆ ಓರೆಯಾಗಿ ನಿಂತರೆ ಮುಂದಿನ ಫೋರ್ಕ್ ಬಾಗಿದೆ ಅಥವಾ ತಿರುಚಿದೆ. ಡಿಸ್ಚಾರ್ಜ್ ವೋಚರಿಗೆ (ಕ್ಲೇಮ್ ಇತ್ಯರ್ಥವಾಯಿತೆಂಬ ಪತ್ರ) ಸಹಿ ಹಾಕುವ ಮೊದಲೇ ಅದನ್ನು ಹೇಳಿ, ಮತ್ತೆ ನೋಡಿಸಿ.